ಕೊಡಗಿನಲ್ಲೇ ಇದ್ದುಕೊಂಡು ಆನಿಮೇಷನ್ ಸ್ಟುಡಿಯೊ ನಡೆಸಬಹುದಾ?

ಪ್ರಶ್ನೆ (ಶನಿವಾರಸಂತೆಯಿಂದ)

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಒಂದೂವರೆ ವರ್ಷದಿಂದ ಯೂಟ್ಯೂಬ್ ನೋಡಿಕೊಂಡು ಬ್ಲೆಂಡರ್ ಅನ್ನುವ ಆನಿಮೇಷನ್ ಸಾಫ್ಟ್‌ವೇರ್ ಕಲಿಯುತ್ತಿದ್ದೇನೆ. ಓದು ಮುಗಿದ ಮೇಲೆ ಇಲ್ಲೇ ಸಣ್ಣದೊಂದು ಸ್ಟುಡಿಯೊ ಮಾಡಬೇಕು ಅಂತ ತುಂಬ ಆಸೆ. ಅಪ್ಪನಿಗೆ ನಾನೊಬ್ಬಳೇ ಮಗಳು. ಬ್ಯಾಂಕ್ ಪರೀಕ್ಷೆ ಬರಿ, ಇಲ್ಲಾಂದ್ರೆ ತೋಟದ ಲೆಕ್ಕ ನೋಡಿಕೋ ಅನ್ನುತ್ತಾರೆ. ಬೆಂಗಳೂರಿನಲ್ಲಿ ಒಂದು ಕೋರ್ಸ್ ವಿಚಾರಿಸಿದೆ, ಲಕ್ಷಗಟ್ಟಲೆ ಫೀಸು. ಆ ಕೋರ್ಸ್ ಮಾಡಲೇಬೇಕಾ? ಅದೇ ದುಡ್ಡಿಗೆ ಒಳ್ಳೆಯ ಕಂಪ್ಯೂಟರ್ ತಗೊಂಡು ನೇರವಾಗಿ ಕೆಲಸ ಹಿಡಿಯುವುದು ಸರಿಯಾ? ಈ ದಾರಿಯಲ್ಲಿ ಹೋದವರು ಇದ್ದರೆ ದಯವಿಟ್ಟು ಹೇಳಿ.

ಉತ್ತರ (ಕುಶಾಲನಗರದಿಂದ)

ನಾನು ಅದೇ ದಾರಿಯಲ್ಲಿ ಹೋದವನು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಮ್ಮ ಮನೆ ನಾಪೋಕ್ಲು ಕಡೆ. ಬೆಂಗಳೂರಿನಲ್ಲಿ ಆರು ವರ್ಷ ಕೆಲಸ ಮಾಡಿ ವಾಪಸ್ ಬಂದೆ. ಈಗ ನಮ್ಮ ಸ್ಟುಡಿಯೊದಲ್ಲಿ ನಾಲ್ಕು ಜನ ಇದ್ದೇವೆ.

ಕಂಪ್ಯೂಟರ್ ಮಾತು ಆಮೇಲೆ. ನನ್ನ ಮೊದಲ ಡೆಮೊ ರೀಲಿನಲ್ಲಿ (ಕೆಲಸ ಕೇಳುವಾಗ ತೋರಿಸುವ ಮಾದರಿ ವಿಡಿಯೊ) ಒಬ್ಬ ಆಳು ಕಾಫಿ ಮೂಟೆ ಎತ್ತಿ ಹೆಗಲಿಗೆ ಹಾಕುವ ಶಾಟ್ ಇತ್ತು. ಲೈಟಿಂಗ್ ಚೆನ್ನಾಗಿತ್ತು, ಗೋಣಿಯ ನೂಲು ಕೂಡ ಕಾಣುತ್ತಿತ್ತು. ಪರಿಚಯದ ಸೀನಿಯರ್ ಒಬ್ಬರು ಎರಡು ಸಲ ನೋಡಿ, "ಮೂಟೆಯಲ್ಲಿ ಏನಿದೆ, ಹತ್ತಿನಾ?" ಅಂತ ಕೇಳಿದರು. ನನಗೆ ಉತ್ತರ ಬರಲಿಲ್ಲ.

ಕೊಯ್ಲಿನ ಸಮಯಕ್ಕೆ ಊರಿಗೆ ಬಂದೆ. ಒಣಗಿದ ಕಾಫಿ ತುಂಬಿದ 50 ಕೆ.ಜಿ. ಮೂಟೆಗಳನ್ನು ಗಾಡಿಗೆ ಹಾಕುವವರನ್ನು ಕಣದಲ್ಲಿ ಕೂತು ಮೊಬೈಲಿನಲ್ಲಿ ಹಿಡಿದೆ. ಎತ್ತುವ ಮೊದಲು ಅವರು ಕಾಲು ಅಗಲಿಸಿ ನಿಲ್ಲುತ್ತಾರೆ. ಮಂಡಿ ಬಗ್ಗುತ್ತದೆ, ಉಸಿರು ನಿಲ್ಲುತ್ತದೆ. ಮೂಟೆ ನೆಲ ಬಿಡುವ ಮೊದಲೇ ಗೋಣಿಯ ಮೂಲೆ ಬಿಗಿಯಾಗುತ್ತದೆ. ಹೆಗಲಿಗೆ ಬಂದ ತಕ್ಷಣ ಆ ಕಡೆಯ ಹೆಗಲು ಕುಸಿದು ಮತ್ತೆ ಒಂದಿಷ್ಟು ಏಳುತ್ತದೆ, ತಲೆ ಆಚೆ ವಾಲುತ್ತದೆ. ಮೊದಲ ಹೆಜ್ಜೆ ಬಹಳ ಚಿಕ್ಕದು. ಇಷ್ಟನ್ನೂ ಹಾಕಿ ಆ 4 ಸೆಕೆಂಡಿನ ಶಾಟ್ ಹೊಸದಾಗಿ ಮಾಡಿದೆ. ಸೆಕೆಂಡಿಗೆ 24 ಫ್ರೇಮ್, ಅಂದ್ರೆ 24 ಬಿಡಿ ಚಿತ್ರ, ಒಟ್ಟು 96. ಮೂರು ವಾರ ಹಿಡಿಯಿತು. ನನಗೆ ಕೆಲಸ ಕೊಡಿಸಿದ್ದು ಆ 96 ಫ್ರೇಮ್.

ಕೋರ್ಸಿನಿಂದ ಸಿಗುವ ದೊಡ್ಡ ಲಾಭ ಅಂದ್ರೆ ಪಕ್ಕದಲ್ಲಿ ಕೂತು ತಪ್ಪು ತೋರಿಸುವ ಒಬ್ಬರು. ಅಂಥವರು ಬೇರೆ ಕಡೆ ಸಿಕ್ಕರೆ ಲಕ್ಷ ಸುರಿಯಬೇಕಾಗಿಲ್ಲ. ಸಾಫ್ಟ್‌ವೇರ್ ಬಗ್ಗೆ ಚಿಂತೆ ಬೇಡ. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ 'ಫ್ಲೋ' ಚಿತ್ರ ಮಾಡಿದ್ದು ನೀವು ಕಲಿಯುತ್ತಿರುವ ಬ್ಲೆಂಡರ್‌ನಲ್ಲೇ. ಬ್ಲೆಂಡರ್ ಪೂರ್ತಿ ಉಚಿತ.

ಇನ್ನು ಕೊಡಗಿನಲ್ಲಿ ಸ್ಟುಡಿಯೊ. ಇಲ್ಲಿ ಮೊದಲು ಮಾಡಬೇಕಾದ್ದು ಮಳೆಯ ಲೆಕ್ಕ. 40 ಸೆಕೆಂಡಿನ ಜಾಹೀರಾತು ಅಂದ್ರೆ 960 ಫ್ರೇಮ್. ರೆಂಡರ್ ಅಂದ್ರೆ ಒಂದೊಂದು ಫ್ರೇಮನ್ನೂ ಕಂಪ್ಯೂಟರ್ ಪೂರ್ತಿ ಚಿತ್ರವಾಗಿ ತಯಾರಿಸುವುದು. ಅದಕ್ಕೆ ಫ್ರೇಮಿಗೆ 4 ನಿಮಿಷ ಹಿಡಿದರೆ ಒಟ್ಟು 64 ಗಂಟೆ. ಒಂದೇ ಕಂಪ್ಯೂಟರ್ ಇದ್ದರೆ ಎರಡೂವರೆ ದಿನ ದಾಟುತ್ತದೆ. ಜುಲೈಯಲ್ಲಿ ನಮ್ಮೂರಲ್ಲಿ ಅಷ್ಟು ಹೊತ್ತು ಕರೆಂಟ್ ಹೋಗದೆ ಇದ್ದದ್ದು ನನಗೆ ನೆನಪಿಲ್ಲ. ಮರ ಬಿದ್ದರೆ ಇಂಟರ್‌ನೆಟ್ಟೂ ಹೋಗುತ್ತದೆ. ಅದಕ್ಕೇ ನಾನು ಮನೆ ಬಿಟ್ಟು ಕುಶಾಲನಗರಕ್ಕೆ ಬಂದದ್ದು. ಇಲ್ಲಿ ಮಳೆ ಮಡಿಕೇರಿಗಿಂತ ಎಷ್ಟೋ ಕಡಿಮೆ, ಮೈಸೂರು ರಸ್ತೆ ಪಕ್ಕದಲ್ಲೇ ಇದೆ. ಒಂದು ಮಾತು ಮರೆಯಬೇಡಿ: ನೇರ ವಿಡಿಯೊ ಫೈಲ್ ಆಗಿ ರೆಂಡರ್ ಹಾಕಬೇಡಿ. ನಡುವೆ ಕರೆಂಟ್ ಹೋದರೆ ಇಡೀ ಫೈಲ್ ಕೆಡಬಹುದು. ಒಂದೊಂದು ಫ್ರೇಮನ್ನೂ ಬೇರೆ ಬೇರೆ ಚಿತ್ರವಾಗಿ ಉಳಿಸಿ. 611ನೇ ಫ್ರೇಮಿನಲ್ಲಿ ನಿಂತರೆ ಅಲ್ಲಿಂದಲೇ ಮುಂದುವರಿಸಬಹುದು.

ದುಡ್ಡಿನ ವಿಷಯ. ಮೊದಲ ವರ್ಷ ಒಬ್ಬರ ಜಾಹೀರಾತನ್ನು ಬಾಯಿಮಾತಿನಲ್ಲೇ ಒಪ್ಪಿಕೊಂಡೆ. ರೆಂಡರ್ ಎಲ್ಲ ಆದ ಮೇಲೆ ಪಾತ್ರದ ಬಟ್ಟೆ ಬದಲಿಸಿ, ಕ್ಯಾಮೆರಾ ಬದಲಿಸಿ ಅಂತ ಹದಿನೇಳು ಸಲ ತಿದ್ದಿಸಿದರು. ಅರ್ಧ ದುಡ್ಡು ಇವತ್ತಿಗೂ ಬಂದಿಲ್ಲ. ಆ ವರ್ಷ ಹೆಂಡತಿಯ ಸಂಬಳದಲ್ಲಿ ಮನೆ ನಡೆಯಿತು. ಈಗ 40 ಪರ್ಸೆಂಟ್ ಅಡ್ವಾನ್ಸ್ ಬಾರದೆ ಕೆಲಸ ಶುರು ಮಾಡುವುದಿಲ್ಲ. ಸ್ಟೋರಿಬೋರ್ಡ್ (ಶಾಟ್‌ಗಳ ಕಚ್ಚಾ ಚಿತ್ರಗಳು) ಮತ್ತು ಆನಿಮ್ಯಾಟಿಕ್ (ಆ ಚಿತ್ರಗಳನ್ನೇ ಜೋಡಿಸಿದ ಕಚ್ಚಾ ವಿಡಿಯೊ) ನೋಡಿ ಅವರು ಬರವಣಿಗೆಯಲ್ಲಿ ಒಪ್ಪಬೇಕು. ಆಮೇಲಿನ ಬದಲಾವಣೆಗೆ ಬೇರೆ ಬಿಲ್. ಸಣ್ಣ ಉದ್ದಿಮೆಗಳಿಗಾಗಿ ಸರ್ಕಾರದ ಉದ್ಯಮ್ ನೋಂದಣಿ ಇದೆ, ಅದನ್ನು ಮಾಡಿಸಿ, ಅದಕ್ಕೆ ಶುಲ್ಕವಿಲ್ಲ. ನೋಂದಾಯಿಸಿದ ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು ಅಂತ 2006ರ ಕಾಯ್ದೆಯಲ್ಲೇ ಇದೆ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ನಾನು ಬಿಲ್ಲಿನ ಮೇಲೆಯೇ ಉದ್ಯಮ್ ನಂಬರ್ ಹಾಕುತ್ತೇನೆ. ನಿಮ್ಮ ಬಿ.ಕಾಂ. ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಟಿಡಿಎಸ್, ಜಿಎಸ್‌ಟಿ ಅರ್ಥವಾಗಲು ನನಗೆ ಎರಡು ವರ್ಷ ಬೇಕಾಯಿತು.

ಉತ್ತರ (ವಿರಾಜಪೇಟೆಯವಳು, ಈಗ ಬೆಂಗಳೂರಿನಲ್ಲಿ)

ನಾನು ರಿಗ್ಗಿಂಗ್ ಮಾಡುತ್ತೇನೆ. ಪಾತ್ರದೊಳಗೆ ಮೂಳೆ, ಕೀಲು ಕೂರಿಸುವ ಕೆಲಸ. ಅಣ್ಣ ಹೇಳಿದ್ದು ಸರಿ, ಆದರೆ ಆರು ವರ್ಷ ಕಾಯಬೇಕು ಅಂತ ನೀನು ಅಂದುಕೊಳ್ಳಬೇಡ ತಂಗಿ. ಬೇರೆಯವರ ಸ್ಟುಡಿಯೊದಲ್ಲಿ ಎರಡು ವರ್ಷ ಕೆಲಸ ಮಾಡಿದರೆ ಸಾಕು. ಆ ಎರಡು ವರ್ಷ ಮಾತ್ರ ಬಿಡಬೇಡ. ಒಂದು ಶಾಟ್ ಎಷ್ಟು ಕೈ ದಾಟಿ ಹೋಗುತ್ತದೆ, ಫೈಲಿಗೆ ಹೆಸರು ಹೇಗೆ ಇಡಬೇಕು, ಬೇರೆಯವರ ಎದುರು ನಿನ್ನ ಕೆಲಸವನ್ನು ಹೇಗೆ ತಿದ್ದಿಸಿಕೊಳ್ಳಬೇಕು, ಇದೆಲ್ಲ ಯೂಟ್ಯೂಬಿನಲ್ಲಿ ಬರುವುದಿಲ್ಲ. ನಾನು ಸೇರಿದ ಹೊಸದರಲ್ಲಿ ತಪ್ಪು ವರ್ಷನ್ ಕಳಿಸಿಬಿಟ್ಟೆ. ಆನಿಮೇಟರ್ ಒಬ್ಬರ ನಾಲ್ಕು ದಿನದ ಕೆಲಸ ಹೋಯಿತು. ಇವತ್ತಿಗೂ ಫೈಲಿನ ಹೆಸರು ಎರಡು ಸಲ ಓದಿಯೇ ಕಳಿಸುತ್ತೇನೆ.

ಡೆಲಿವರಿ ಹತ್ತಿರ ಬಂದಾಗ ರಾತ್ರಿ ಹನ್ನೊಂದಾದರೂ ಬಿಡುವುದಿಲ್ಲ. ಅದನ್ನೂ ತಿಳಿದುಕೊಂಡು ಬಾ. ಇಲ್ಲಿ ಎಷ್ಟೋ ಕಡೆ ಮಾಯಾ ಅನ್ನುವ ಇನ್ನೊಂದು ಆನಿಮೇಷನ್ ಸಾಫ್ಟ್‌ವೇರ್ ಬರುತ್ತದಾ ಅಂತ ಕೇಳುತ್ತಾರೆ. ಅದನ್ನು ಮಾಡುವ ಆಟೊಡೆಸ್ಕ್ ಕಂಪನಿ ವಿದ್ಯಾರ್ಥಿಗಳಿಗೆ ಅದನ್ನು ಉಚಿತವಾಗಿ ಕೊಡುತ್ತದೆ, ಕಾಲೇಜು ಮುಗಿಯುವ ಮೊದಲೇ ಹಾಕಿಕೋ.

ಪ್ರಶ್ನೆ ಕೇಳಿದವಳು

ಅಣ್ಣ, ಅಕ್ಕ, ಇಬ್ಬರಿಗೂ ತುಂಬ ಥ್ಯಾಂಕ್ಸ್. ರಾತ್ರಿ ಊಟ ಆದ ಮೇಲೆ ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ದುಡ್ಡು ಬರಲಿಲ್ಲ ಅನ್ನುವಲ್ಲಿ ಸುಮ್ಮನಾದರು. ಮೂಟೆ ವಿಷಯ ಬಂದಾಗ ಮತ್ತೊಮ್ಮೆ ಓದು ಅಂದರು. ನಾನು ಮೆಣಸು ಕೊಯ್ಯುವವರು ಒಂಟಿ ಬಿದಿರಿನ ಏಣಿ ಹತ್ತುವುದನ್ನು ಮಾಡುತ್ತೇನೆ ಅಂದೆ. "ಸೀದಾ ಹತ್ತಿಸಬೇಡ. ಹತ್ತುವ ಮೊದಲು ಏಣಿಯನ್ನು ಮರಕ್ಕೆ ಎರಡು ಸಲ ಒತ್ತಿ ನೋಡುತ್ತಾರೆ, ಅದನ್ನು ಹಾಕು" ಅಂದರು. ಬ್ಯಾಂಕ್ ಪರೀಕ್ಷೆಯ ಫಾರ್ಮ್ ಮಾತ್ರ ಮೇಜಿನ ಮೇಲೆ ಹಾಗೇ ಇದೆ. ಏಣಿ ಶಾಟ್ ಶುರು ಮಾಡಲಾ?

ಉತ್ತರ (ಕುಶಾಲನಗರದಿಂದ)

ಏಣಿ ಹತ್ತುವುದು ಈಗಲೇ ಬೇಡ, ಬಹಳ ಕಷ್ಟ. ಕೈಕಾಲು ನಾಲ್ಕೂ ಏಣಿಗೆ ಅಂಟಿಕೊಂಡಿರಬೇಕು, ಕೂದಲೆಳೆಯಷ್ಟು ಜಾರಿದರೂ ಗೊತ್ತಾಗುತ್ತದೆ. ನಿಮ್ಮ ಅಪ್ಪ ಹೇಳಿದ್ದನ್ನಷ್ಟೇ ಮಾಡಿ. ಎರಡು ಸಲ ಒತ್ತಿ ನೋಡುವುದು, 2 ಸೆಕೆಂಡ್, 48 ಫ್ರೇಮ್. ಮೊದಲು ಅವರ ಕೈಯಲ್ಲೇ ಮಾಡಿಸಿ ವಿಡಿಯೊ ತೆಗೆಯಿರಿ, ಬದಿಯಿಂದ ಒಂದು, ಹಿಂದಿನಿಂದ ಒಂದು. ಮೊಬೈಲ್ ಅಲ್ಲಾಡದ ಹಾಗೆ ಕಲ್ಲಿನ ಮೇಲೆ ಇಡಿ. ಬಣ್ಣ, ಲೈಟ್ ಏನೂ ಬೇಡ, ಬೂದು ಬೊಂಬೆ ಸಾಕು. ಮುಗಿದ ಮೇಲೆ ಇಲ್ಲೇ ಹಾಕಿ. ಎರಡನೇ ಸಲ ಒತ್ತುವಾಗ ಭುಜ ಮೊದಲ ಸಲದಷ್ಟು ಮುಂದೆ ಹೋಗುತ್ತದಾ ಇಲ್ಲವಾ, ಅದನ್ನು ಮೊದಲು ನೋಡುತ್ತೇನೆ.