ಎರಡು ದೆವ್ವದ ಕಥೆಗಳನ್ನು ಹೋಲಿಸಿ ಬರೆಯುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಬಿ.ಎ. ಸೆಮಿನಾರ್‌ಗೆ ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ ಬರೆದ 'ದಿ ಮಂಕೀಸ್ ಪಾ' (1902) ಮತ್ತು ಚಾರ್ಲ್ಸ್ ಡಿಕನ್ಸ್ ಬರೆದ 'ದಿ ಸಿಗ್ನಲ್‌ಮ್ಯಾನ್' (1866) ಕಥೆಗಳನ್ನು ಹೋಲಿಸಬೇಕು. ವಾತಾವರಣ, ಸಂಕೇತ, ಮುನ್ಸೂಚನೆ ಅಂತ ಪಟ್ಟಿ ಮಾಡಿದ್ದೇನೆ. ಹಾಗೆ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ನೀವು ಹೇಗೆ ಬರೆದಿರಿ?

ಉತ್ತರ: ಪಟ್ಟಿ ಬದಿಗಿಡಿ. ಈ ಕಥೆಗಳನ್ನು ಪಾಠ ಮಾಡುವಾಗ ನಾನು ಮೊದಲು ಕೇಳುವುದು ಒಂದೇ: ದೆವ್ವವನ್ನು ಕಂಡವರು ಯಾರು?

ಜೇಕಬ್ಸ್ ಕಥೆಯಲ್ಲಿ ಯಾರೂ ಕಂಡಿಲ್ಲ. ಸತ್ತ ಮಗ ಬದುಕಿ ಬರಲಿ ಅಂತ ವೈಟ್ ದಂಪತಿ ಮೂರು ಬೇಡಿಕೆ ಈಡೇರಿಸುವ ಕೋತಿಯ ಪಂಜವನ್ನು ಕೇಳಿಕೊಳ್ಳುತ್ತಾರೆ. ರಾತ್ರಿ ಬಾಗಿಲು ಬಡಿಯುವ ಸದ್ದು. ತಾಯಿ ಚಿಲಕ ತೆಗೆಯಲು ಒದ್ದಾಡುತ್ತಾಳೆ, ತಂದೆ ನೆಲದ ಮೇಲೆ ತಡಕಾಡಿ ಪಂಜ ಹುಡುಕುತ್ತಾನೆ. ಅವನ ಮೂರನೆಯ ಬೇಡಿಕೆ ಏನು ಅಂತ ಕಥೆಗಾರ ಹೇಳುವುದೇ ಇಲ್ಲ. ಬಾಗಿಲು ತೆರೆದರೆ ಖಾಲಿ ರಸ್ತೆ. ಆದರೂ ಮೈ ನಡುಗುತ್ತದೆ. ಯಾಕೆಂದರೆ ಯಂತ್ರಕ್ಕೆ ಸಿಕ್ಕಿ ಸತ್ತ ಮಗನನ್ನು ಬಟ್ಟೆಯಿಂದಷ್ಟೇ ಗುರುತು ಹಿಡಿದೆ ಅಂತ ತಂದೆ ಮೊದಲೇ ಹೇಳಿಬಿಟ್ಟಿದ್ದಾನೆ. ಬಾಗಿಲ ಹೊರಗೆ ನಿಂತದ್ದು ಹೇಗಿರಬಹುದು ಅಂತ ಮಿಕ್ಕಿದ್ದನ್ನು ನಾವೇ ಕಲ್ಪಿಸಿಕೊಳ್ಳುತ್ತೇವೆ.

ಡಿಕನ್ಸ್ ಕಥೆಯಲ್ಲಿ ದೆವ್ವ ಸ್ಪಷ್ಟವಾಗಿಯೇ ಇದೆ. ಒಂದು ತೋಳು ಕಣ್ಣಿಗೆ ಅಡ್ಡ, ಇನ್ನೊಂದು ಕೈ ಜೋರಾಗಿ ಬೀಸುತ್ತಿದೆ. ಆದರೆ ಕಂಡವನು ಸಿಗ್ನಲ್‌ಮ್ಯಾನ್, ಅಂದರೆ ರೈಲುಗಳಿಗೆ ಸಿಗ್ನಲ್ ಕೊಡುವವನು, ಒಬ್ಬನೇ. ಕಥೆ ಹೇಳುವವನು ಅದನ್ನು ಕಣ್ಣಿನ ನರದ ದೋಷ, ತಂತಿಯಲ್ಲಿ ಗಾಳಿಯ ಸದ್ದು ಅನ್ನುತ್ತಾನೆ. ಓದುವ ನಾವೂ ಅವನ ಪಕ್ಷ ವಹಿಸುತ್ತೇವೆ, ಅಲ್ವಾ?

ಇನ್ನೊಂದು ಉತ್ತರ: ಎಂ.ಎ.ಯಲ್ಲಿ ಇದೇ ಜೋಡಿಯ ಮೇಲೆ ಬರೆದಿದ್ದೆ. ನನಗೆ ದಾರಿ ಸಿಕ್ಕಿದ್ದು ಎರಡೂ ಕಥೆಗಳ ಮೊದಲನ್ನೂ ಕೊನೆಯನ್ನೂ ಪಕ್ಕಪಕ್ಕ ಇಟ್ಟು ಓದಿದಾಗ.

'ಸಿಗ್ನಲ್‌ಮ್ಯಾನ್' ಶುರುವಾಗುವುದೇ ಒಂದು ಕೂಗಿನಿಂದ. ಕಥೆ ಹೇಳುವವನು ಮೇಲಿನಿಂದ ಕರೆದರೆ ಸಿಗ್ನಲ್‌ಮ್ಯಾನ್ ತಲೆ ಎತ್ತದೆ ಹಳಿಯ ಕಡೆ ತಿರುಗುತ್ತಾನೆ. ದೆವ್ವ ಕೂಗುವುದೂ ಅದೇ ಮಾತು ಅಂತ ನಮಗೆ ಆಮೇಲೆ ಗೊತ್ತಾಗುತ್ತದೆ. ಕೊನೆಯಲ್ಲಿ ಅವನನ್ನು ಕೊಂದ ಇಂಜಿನ್‌ನ ಚಾಲಕ ಅದೇ ಮಾತು ಕೂಗಿದ್ದಾನೆ, ಹಾಗೆಯೇ ಕೈ ಬೀಸಿದ್ದಾನೆ. ಅಷ್ಟೇ ಅಲ್ಲ, ಕಥೆ ಹೇಳುವವನು ಯಾರಿಗೂ ಹೇಳದೆ ಮನಸ್ಸಿನಲ್ಲೇ ಅಂದುಕೊಂಡಿದ್ದ ಮಾತೂ ಚಾಲಕನ ಬಾಯಲ್ಲಿ ಬರುತ್ತದೆ! ಕಾರಣ ಹುಡುಕುತ್ತಿದ್ದವನಿಗೇ ಈಗ ಕಾರಣ ಸಿಗುವುದಿಲ್ಲ. ನಾನು ಓದಿದ ದೆವ್ವದ ಕಥೆಗಳಲ್ಲಿ ಇದಕ್ಕಿಂತ ಗಟ್ಟಿಯಾದ ಮುಕ್ತಾಯ ಇಲ್ಲ.

ಜೇಕಬ್ಸ್ ಹೋಗುವುದು ಉಲ್ಟಾ ದಾರಿಯಲ್ಲಿ. ಮೊದಲ ಬೇಡಿಕೆಯಲ್ಲಿ ಕೇಳಿದ 200 ಪೌಂಡ್ ಮಗನ ಸಾವಿನ ಪರಿಹಾರವಾಗಿ ಬಂದದ್ದು, ಬಾಗಿಲು ಬಡಿದದ್ದು, ಎಲ್ಲವೂ ಕಾಕತಾಳೀಯ ಅನ್ನಲು ಕೊನೆಯವರೆಗೂ ಅವಕಾಶ ಇದೆ. ಒಬ್ಬರು ಅನುಮಾನವನ್ನು ಉಳಿಸುತ್ತಾರೆ, ಇನ್ನೊಬ್ಬರು ಅದನ್ನು ಕೊನೆಗೆ ಕಿತ್ತುಕೊಳ್ಳುತ್ತಾರೆ. ನಿಮ್ಮ ಸೆಮಿನಾರ್ ಈ ವ್ಯತ್ಯಾಸದ ಮೇಲೆ ನಿಲ್ಲಲಿ. ಜೇಕಬ್ಸ್ ಕಥೆಯ ಮೊದಲ ದೃಶ್ಯದ ಚೆಸ್ ಆಟವನ್ನೂ ಬಿಡಬೇಡಿ. ಅಲ್ಲಿ ಅಪ್ಪ ಸುಮ್ನೆ ರಾಜನನ್ನು ಅಪಾಯಕ್ಕೆ ಒಡ್ಡುತ್ತಾನೆ.

ಮತ್ತೊಂದು ಉತ್ತರ: ಭಯ ಎಲ್ಲಿಂದ ಬರುತ್ತದೆ ಅಂತಲೂ ನೋಡಿ. ಪಂಜ ಬರುವುದು ಭಾರತದಿಂದ, ಫಕೀರನ ಮಂತ್ರದೊಂದಿಗೆ. ದೂರದ ದೇಶ ಅಂದರೆ ಸಾಕು, ಇಂಗ್ಲೆಂಡಿನ ಓದುಗ ನಂಬುತ್ತಾನೆ ಅನ್ನುವ ಲೆಕ್ಕ. ಇದು ನನಗೆ ಅಗ್ಗದ ಉಪಾಯ ಅನ್ನಿಸುತ್ತದೆ, ಭಾರತದ ವಿದ್ಯಾರ್ಥಿಗಳು ಇದನ್ನು ಧೈರ್ಯವಾಗಿ ಬರೆಯಬೇಕು. ಡಿಕನ್ಸ್‌ಗೆ ಮಂತ್ರ ಬೇಕಿಲ್ಲ. ಕೆಂಪು ದೀಪ, ತಂತಿ ಯಂತ್ರದ ಗಂಟೆ, ಸುರಂಗ ಸಾಕು. 1865ರ ಜೂನ್ 9ರಂದು ಸ್ಟೇಪಲ್‌ಹರ್ಸ್ಟ್ ರೈಲು ಅಪಘಾತದಲ್ಲಿ ಅವರೇ ಬದುಕಿ ಉಳಿದಿದ್ದರು. ಆದರೆ ಜೀವನಚರಿತ್ರೆಗೆ ಒಂದು ಸಾಲು ಸಾಕು. ಜಾಸ್ತಿ ಜಾಗವನ್ನು ಸಿಗ್ನಲ್‌ಮ್ಯಾನ್‌ನ ಸಂಕಟಕ್ಕೆ ಕೊಡಿ. ಎಚ್ಚರಿಕೆ ಕೊಡುವುದೇ ಅವನ ಕೆಲಸ. ಆದರೆ ಅಪಾಯ ಏನು, ಎಲ್ಲಿ ಅಂತ ಗೊತ್ತಿಲ್ಲದೆ ಅವನು ಯಾವ ತಂತಿ ಸಂದೇಶ ಕಳಿಸಬೇಕು?