ಮೌಲ್ಯಮಾಪನದ ಅಳತೆಗೋಲು ಯಾರ ಕೈಯಲ್ಲಿದೆ?

ಪ್ರಶ್ನೆ:
ವಿದೇಶಿ ನೆರವಿನ ಯೋಜನೆಗಳ ಮೌಲ್ಯಮಾಪನ ಮಾಡುವ ತಂಡದಲ್ಲಿದ್ದೇನೆ. ಈ ಕೆಲಸದಿಂದ ವಸಾಹತುಶಾಹಿ ತೊಲಗಬೇಕು ಅಂತ ಎಲ್ಲರೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಕೈಗೆ ಬರುವ ಟಿಒಆರ್‌ನಲ್ಲಿ (ಮೌಲ್ಯಮಾಪನದಲ್ಲಿ ಏನೇನು ನೋಡಬೇಕು ಅನ್ನುವ ಕೆಲಸದ ವಿವರ) ಪ್ರಶ್ನೆಗಳು, ಇಂಡಿಕೇಟರ್‌ಗಳು ಅಂದರೆ ಅಳೆಯುವ ಸೂಚಕಗಳು ಎಲ್ಲ ಮೊದಲೇ ಬರೆದಿರುತ್ತವೆ.

ಕಳೆದ ಸಲ ಹೆಂಗಸರ ಒಂದು ಉಳಿತಾಯ ಗುಂಪನ್ನು ನೋಡಲು ಹೋಗಿದ್ದೆ. ಒಬ್ಬಾಕೆಯ ಗಂಡ ತೀರಿಕೊಂಡಾಗ ಉಳಿದವರೆಲ್ಲ ಕೂತು ಮಾತಾಡಿ ಆಕೆಯ ಕಂತನ್ನು ನಾಲ್ಕು ತಿಂಗಳು ಮುಂದಕ್ಕೆ ಹಾಕಿದ್ದರಂತೆ. ಅದನ್ನು ಹೆಮ್ಮೆಯಿಂದ ಹೇಳಿದರು. ನನ್ನ ಫಾರ್ಮ್‌ನಲ್ಲಿ ಅದಕ್ಕಿದ್ದ ಕಾಲಂ 'ಸುಸ್ತಿ', ಅಂದರೆ ಕಂತು ಕಟ್ಟದೆ ತಪ್ಪಿದ್ದು. ಹಾಗೇ ತುಂಬಿಕೊಂಡು ಬಂದೆ, ಈಗಲೂ ಕೊರೆಯುತ್ತದೆ. ನನ್ನ ಮಟ್ಟದಲ್ಲಿ ಏನು ಮಾಡಬಹುದು?

ಉತ್ತರ 1:
ಆ ಫಾರ್ಮ್ ಎಲ್ಲಿಂದ ಬಂತು ಅಂತ ಮೊದಲು ನೋಡಿ. ಇಂಥ ಫಾರ್ಮ್‌ಗಳ ಹಿಂದಿರುವ ಲಾಗ್‌ಫ್ರೇಮ್ (ಯೋಜನೆಯ ಗುರಿ, ಕೆಲಸ, ಇಂಡಿಕೇಟರ್‌ಗಳನ್ನು ಒಂದೇ ಪಟ್ಟಿಯಲ್ಲಿ ಜೋಡಿಸುವ ಚೌಕಟ್ಟು) ಹುಟ್ಟಿದ್ದು 1969ರ ಸುಮಾರಿಗೆ, ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್‌ಗಾಗಿ. ಪ್ರಸ್ತುತತೆ, ದಕ್ಷತೆ, ಪರಿಣಾಮ ಅಂತೆಲ್ಲ ನಾವು ಬಾಯಿಪಾಠ ಮಾಡುವ ಐದು ಮಾನದಂಡಗಳನ್ನು 1991ರಲ್ಲಿ ಕೊಟ್ಟಿದ್ದು ಒಇಸಿಡಿ ಅನ್ನುವ, ಹೆಚ್ಚಾಗಿ ಶ್ರೀಮಂತ ದೇಶಗಳ ಸಂಘಟನೆಯ ಡ್ಯಾಕ್ ಸಮಿತಿ, ಅಂದರೆ ನೆರವು ಕೊಡುವ ದೇಶಗಳ ಕೂಟ. ನೆರವು ಪಡೆಯುವವರು ಆ ಸಮಿತಿಯ ಸದಸ್ಯರಲ್ಲ. 2019ರಲ್ಲಿ ಪರಿಷ್ಕರಿಸಿ ಆರನೆಯದಾಗಿ 'ಸುಸಂಗತತೆ', ಅಂದರೆ ಬೇರೆ ಯೋಜನೆಗಳ ಜೊತೆಗಿನ ಹೊಂದಿಕೆ, ಸೇರಿಸಿದರು. ಆದರೆ ಅದೇ ಪರಿಷ್ಕರಣೆಯಲ್ಲಿ ಇವನ್ನು ಯಾಂತ್ರಿಕವಾಗಿ ಬಳಸಬಾರದು, ಸಂದರ್ಭ ನೋಡಿ ಬಳಸಬೇಕು ಅಂತಲೂ ಇದೆ. ಡೋನರ್, ಅಂದರೆ ನೆರವು ಕೊಡುವವರ ಮುಂದೆ ಆ ಮಾತನ್ನೇ ಇಡಿ. ಅವರದೇ ದಾಖಲೆ, ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ.

ಉತ್ತರ 2:
ಮಾನದಂಡದ ಜೊತೆಗೆ ಸಮಯ, ದುಡ್ಡಿನ ಪ್ರಶ್ನೆಯೂ ಇದೆ, ಅಲ್ವಾ? ಆಫ್ರಿಕಾದ ಮೌಲ್ಯಮಾಪಕರು 1999ರಲ್ಲೇ ತಮ್ಮದೊಂದು ಸಂಘ ಕಟ್ಟಿಕೊಂಡರು, ಆಮೇಲೆ 'ಆಫ್ರಿಕಾದಲ್ಲೇ ರೂಪುಗೊಂಡ ಮೌಲ್ಯಮಾಪನ' ಅನ್ನುವ ಚರ್ಚೆ ಬೆಳೆಯಿತು. ಬೋಟ್ಸ್ವಾನಾದ ವಿದ್ವಾಂಸೆ ಬಗೆಲೆ ಚಿಲಿಸಾ ಅವರಂಥವರು ಹೇಳುವುದು ಇಷ್ಟು: ಜನರ ನಡುವಿನ ಸಂಬಂಧವೇ ತಿಳಿವಳಿಕೆಯ ಬುಡ, ಅದನ್ನು ಬಿಟ್ಟು ಅಳೆಯಲು ಹೋದರೆ ಅಳತೆಯೇ ತಪ್ಪುತ್ತದೆ. ನಿಮ್ಮ ಉಳಿತಾಯ ಗುಂಪಿನಲ್ಲಿ ಆಗಿದ್ದೂ ಅದೇ.

ವಿದೇಶಿ ಕನ್ಸಲ್ಟಂಟ್ ಬದಲು ಅದೇ ದೇಶದ ರಾಜಧಾನಿಯಿಂದ ಒಬ್ಬರನ್ನು ಕರೆಸಿ ಅದೇ ಫಾರ್ಮ್ ಕೊಟ್ಟರೆ ಏನೂ ಬದಲಾಗುವುದಿಲ್ಲ. ನಾನೇ ಹಾಗೆ ಹೋಗಿ ಬಂದವಳು, ಅದಕ್ಕೇ ಹೇಳುತ್ತಿದ್ದೇನೆ. ಪ್ರಶ್ನಾವಳಿ ಬರೆಯುವ ಮುಂಚೆ ಒಂದು ವಾರ ಸುಮ್ನೆ ಕೇಳಿಸಿಕೊಳ್ಳಲು ಬಜೆಟ್‌ನಲ್ಲೇ ಜಾಗ ಇಡಿ. 'ಈ ಕೆಲಸ ಗೆದ್ದಿತು ಅಂತ ನೀವು ಯಾವಾಗ ಹೇಳುತ್ತೀರಿ?' ಅಂತ ಆ ಊರಿನ ಜನರನ್ನೇ ಕೇಳಿ. ಅನುವಾದಕರನ್ನೂ ಆಗಲೇ ಕೂರಿಸಿಕೊಳ್ಳಿ, ಜಾಸ್ತಿ ಅರ್ಥ ಸೋರಿಹೋಗುವುದು ಅಲ್ಲೇ.

ಉತ್ತರ 3:
ಮಾಹಿತಿ ಯಾರದ್ದು ಅನ್ನುವುದನ್ನು ಯಾರೂ ಎತ್ತಲಿಲ್ಲ. ಕೆನಡಾದ ಮೂಲನಿವಾಸಿ ಫಸ್ಟ್ ನೇಷನ್ಸ್ ಸಮುದಾಯಗಳು 1998ರಲ್ಲೇ ನಾಲ್ಕು ತತ್ವ ಹಾಕಿಕೊಂಡವು: ನಮ್ಮ ಮಾಹಿತಿಯ ಒಡೆತನ ನಮ್ಮದು, ಹತೋಟಿ ನಮ್ಮದು, ಬೇಕೆಂದಾಗ ನೋಡುವ ಹಕ್ಕು ನಮ್ಮದು, ಅದು ಇರಬೇಕಾದ್ದೂ ನಮ್ಮ ಕೈಯಲ್ಲೇ. ದಕ್ಷಿಣ ಆಫ್ರಿಕಾದ ಮೂಲನಿವಾಸಿ ಸಾನ್ ಜನರೂ 2017ರಲ್ಲಿ ಸಂಶೋಧಕರಿಗೆ ತಮ್ಮದೇ ನೀತಿಸಂಹಿತೆ ತಂದರು. ವರದಿ ಕಳಿಸುವ ಮುಂಚೆ ಆ ಹೆಂಗಸರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ. 'ಸುಸ್ತಿ' ಅಂತ ಕೇಳಿದ ಕೂಡಲೇ ಅವರೇ ತಿದ್ದುತ್ತಿದ್ದರು.

ಪ್ರಶ್ನೆ ಕೇಳಿದವರು:
ಓದಿ ಹೇಳುವುದು ನನಗೆ ಹೊಳೆದೇ ಇರಲಿಲ್ಲ. ಅಂತಿಮ ವರದಿ ಇನ್ನೂ ಹೋಗಿಲ್ಲ, ಹಾಗಾಗಿ ಮತ್ತೊಮ್ಮೆ ಹೋಗಲು ಅನುಮತಿ ಕೇಳುತ್ತೇನೆ. 'ಸುಸ್ತಿ' ಪಕ್ಕದಲ್ಲಿ 'ಗುಂಪೇ ಮುಂದೂಡಿದ ಕಂತು' ಅಂತ ಇನ್ನೊಂದು ಕಾಲಂ ಹಾಕುತ್ತೇನೆ. ಆ ಹೆಸರು ಸರಿಯಾ ಅಂತಲೂ ಅವರನ್ನೇ ಕೇಳಬೇಕು.