ಪೂಜೆಯ ಭಾಷೆಗೆ ಜಗಳ ಆಯ್ತು, ಈಗ ಹಿಂದಿನ ಬೀದಿ ಅಕ್ಕನಿಗೆ ಏನಂತ ಹೇಳಲಿ?

ಏಳು ಗಂಟೆ ಪೂಜೆಯವಳು:
ನಮ್ಮದು ಬೆಂಗಳೂರಿನ ಒಂದು ಕ್ಯಾಥೋಲಿಕ್ ಚರ್ಚ್, ಹೆಸರು ಬೇಡ. ಭಾನುವಾರ ಏಳಕ್ಕೆ ಕನ್ನಡ ಪೂಜೆ, ಎಂಟೂವರೆಗೆ ತಮಿಳು. ಈ ಸಲ ಹಬ್ಬದ ದೊಡ್ಡ ಪೂಜೆ ಯಾವ ಭಾಷೆಯಲ್ಲಿ ಅಂತ ವಾಟ್ಸಾಪ್ ಗುಂಪಿನಲ್ಲಿ ಶುರುವಾಯಿತು. ಊರಿಗೆ ಹೊಸ ಜಗಳವೇನಲ್ಲ. ಮೊದಲು ಪೂಜೆ ಲ್ಯಾಟಿನ್‌ನಲ್ಲಿ ಇತ್ತು, ಯಾರಿಗೂ ಅರ್ಥ ಆಗ್ತಿರಲಿಲ್ಲ, ಜಗಳವೂ ಇರಲಿಲ್ಲ ಅಂತ ನಮ್ಮತ್ತೆ ತಮಾಷೆ ಮಾಡುತ್ತಾರೆ. 1960ರ ದಶಕದಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ (ಲೋಕದ ಕ್ಯಾಥೋಲಿಕ್ ಬಿಷಪ್‌ಗಳೆಲ್ಲ ರೋಮ್‌ನಲ್ಲಿ ಸೇರಿದ್ದು) ಜನರ ಭಾಷೆಯಲ್ಲಿ ಪೂಜೆ ಆಗಬಹುದು ಅಂದಿತು. ಯಾವ ಜನರ ಭಾಷೆ? ಅಲ್ಲಿಂದ ಶುರು ನೋಡಿ.

ನಾನು ಕನ್ನಡದ ಪರ. ರಾತ್ರಿ ಹನ್ನೊಂದಕ್ಕೆ ಬರೆದೆ: "ಇಲ್ಲಿನ ನೀರು ಕುಡಿದು ಇಲ್ಲಿನ ಭಾಷೆ ಬೇಡ ಅಂದ್ರೆ ಹೇಗೆ?" ಯಾರ ಹೆಸರೂ ಹಾಕಿರಲಿಲ್ಲ. ಆದರೆ ಹಿಂದಿನ ಬೀದಿಯ ಅಕ್ಕನಿಗೆ ತಾಗಿತು. ಮನೆಮಾತು ತಮಿಳು, ಅವರ ಮನೆಯವರು ಮೂರು ತಲೆಮಾರಿನಿಂದ ಇಲ್ಲೇ ಇದ್ದಾರೆ. ಕೊರೊನಾ ಬಂದು ನಾವು ಬಾಗಿಲು ಹಾಕಿಕೊಂಡಿದ್ದಾಗ ಒಂಬತ್ತು ದಿನ ಗೇಟಿಗೆ ಅನ್ನ, ಸಾರು ತಂದಿಟ್ಟವರು ಅವರೇ.

ಶುಕ್ರವಾರ ಶಿಲುಬೆ ಹಾದಿ (ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯೋ ಪ್ರಾರ್ಥನೆ) ಮುಗಿದ ಮೇಲೆ ಎಲ್ಲರಿಗೂ ಒಂದೇ ಪೂಜೆ. ಶಾಂತಿ ಕೋರುವಾಗ ನಾವು ಕೈಮುಗಿದು ತಲೆ ಬಾಗುತ್ತೇವಲ್ಲ (1969ರಲ್ಲೇ ರೋಮ್ ಒಪ್ಪಿದ್ದು), ಅವರ ಕಡೆ ತಿರುಗಿ ಕೈಮುಗಿದೆ. ಅವರೂ ಮುಗಿದರು. ಕಣ್ಣು ಮಾತ್ರ ಪೀಠದ ಮೇಣದಬತ್ತಿ ಮೇಲೆ.

ಬೇಡಿಕೆ ಬಿಡೋಕೆ ನನಗೆ ಮನಸ್ಸಿಲ್ಲ, ಕನ್ನಡ ಕೇಳಿದ್ದು ತಪ್ಪೂ ಅಲ್ಲ. ಹಾಗಾದ್ರೆ ಕ್ಷಮೆ ಕೇಳೋದು ಯಾವುದಕ್ಕೆ? ದೀನತೆ ಅಂದ್ರೆ ಬಾಯಿ ಮುಚ್ಚಿಕೊಂಡಿರೋದಾ?

ಹುಬ್ಬಳ್ಳಿಯಾಕಿ:
ನಾವು ಸಿಎಸ್‌ಐನವರು, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ, ಹಲವು ಪ್ರೊಟೆಸ್ಟೆಂಟ್ ಸಭೆಗಳು ಕೂಡಿ ಆಗಿದ್ದು. ನಮ್ಮ ಸಭೆ ಹುಟ್ಟಿದ್ದೇ ಇಂಥ ಜಗಳದ ನಡುವೆ. ಆಂಗ್ಲಿಕನ್ನರಿಗೆ (ಇಂಗ್ಲೆಂಡ್ ಚರ್ಚಿನ ಪರಂಪರೆಯವರು) ಬಿಷಪ್ ಬೇಕೇ ಬೇಕು, ಬೇರೆಯವರಿಗೆ ಬಿಷಪ್ ಅಂದ್ರೆ ಆಗ್ತಿರಲಿಲ್ಲ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಮಾತು ಶುರುವಾಗಿ, ಒಂದಾಗಿದ್ದು 1947ರ ಸೆಪ್ಟೆಂಬರ್ 27ಕ್ಕೆ. 28 ವರ್ಷ! ಆಗಲೂ ಎಲ್ಲರೂ ಒಂದೇ ಅಭಿಪ್ರಾಯಕ್ಕೆ ಬಂದಿರಲಿಲ್ಲ. ಮನಸ್ಸಾಕ್ಷಿ ಒಪ್ಪದ ಪಾದ್ರಿಯನ್ನು ಯಾವ ಸಭೆಯ ಮೇಲೂ ಹೇರಲ್ಲ ಅಂತ ಮಾತು ಕೊಟ್ಟುಕೊಂಡು ಒಂದಾದರು. ನಿಮ್ಮ ಹಬ್ಬ ಎಷ್ಟು ದಿನ ಇದೆ ಇನ್ನೂ? ಆತುರ ಬೇಡ.

ಕೊನೇ ಬೆಂಚು:
ಮೊದಲು ಆ ಮೆಸೇಜು ಅಳಿಸಿದ್ರಾ? ಇಲ್ಲ ಅಂದ್ರೆ ಮಿಕ್ಕಿದ್ದೆಲ್ಲ ಸುಮ್ನೆ. "ಯಾರ ಹೆಸರೂ ಹಾಕಿರಲಿಲ್ಲ" ಅನ್ನೋದು ನಾವೆಲ್ಲ ಹೇಳಿಕೊಳ್ಳೋ ನೆಪ.

ಕುಡ್ಲದವ:
ನಾನು ಕೊಂಕಣಿ. ಈ ಜಗಳದಲ್ಲಿ ನಮಗೆ ಎರಡೂ ಕಡೆಯಿಂದ ಬೈಗುಳ! ಮತ್ತಾಯನ ಶುಭಸಂದೇಶ 5:23–24 ಒಮ್ಮೆ ನಿಧಾನಕ್ಕೆ ಓದಿ. ಕಾಣಿಕೆ ಕೊಡೋಕೆ ಹೋದಾಗ ನಿಮ್ಮ ಮೇಲೆ ಯಾರಿಗೋ ಬೇಸರ ಇದೆ ಅಂತ ನೆನಪಾದ್ರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗಿ ರಾಜಿಯಾಗು ಅಂತಿದೆ. ಯಾರದು ಸರಿ ಅನ್ನೋ ವಿಚಾರಣೆಯೇ ಅಲ್ಲಿಲ್ಲ. ಬೇಡಿಕೆ ನಿಮ್ಮ ಹತ್ತಿರವೇ ಇರಲಿ, ಆ ನೀರಿನ ಮಾತು ಮಾತ್ರ ವಾಪಸ್ ತಗೊಳ್ಳಿ. ಮತ್ತೆ ದಯವಿಟ್ಟು ಫೋನಲ್ಲಿ ಬೇಡ, ಮನೆಗೇ ಹೋಗಿ.

ಏಳು ಗಂಟೆ ಪೂಜೆಯವಳು:
ಹೋಗಿದ್ದೆ. ಮೆಸೇಜು ಅಳಿಸಲು ಆಗಲಿಲ್ಲ, ಸಮಯ ಮೀರಿತ್ತು. ಅದೇ ಗುಂಪಿನಲ್ಲಿ "ಆ ಮಾತು ತಪ್ಪು" ಅಂತ ಬರೆದೆ. ಮೂರು ಜನ ನಮ್ಮವರೇ ಸಿಟ್ಟಾದರು.

ಅಕ್ಕ ಮೊರ ಇಟ್ಟುಕೊಂಡು ನುಗ್ಗೆಸೊಪ್ಪು ಬಿಡಿಸುತ್ತಿದ್ದರು. ನಾನು ನಿಂತೇ ಹೇಳಿದೆ, ಆ ನೀರಿನ ಮಾತು ಆಡಬಾರದಿತ್ತು ಅಕ್ಕ ಅಂತ. ಅವರು ತಲೆ ಎತ್ತಲಿಲ್ಲ. "ಆ ನೀರು ನಮ್ಮಜ್ಜಿ ಬೀದಿ ನಲ್ಲಿಯಿಂದ ತಲೆ ಮೇಲೆ ಹೊತ್ತಿದ್ದು ಕಣಮ್ಮ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೊರ ನನ್ನ ಕಡೆ ಸರಿಸಿದರು. ಕೂತು ಸೊಪ್ಪು ಬಿಡಿಸಿದೆ.

ಹೊರಡುವಾಗ ಅವರೇ ಅಂದರು, "ಮೀಟಿಂಗಲ್ಲಿ ನೀನು ಕನ್ನಡ ಕೇಳು. ನಾನು ತಮಿಳೇ ಕೇಳ್ತೀನಿ." ಭಾನುವಾರ ಹತ್ತಕ್ಕೆ ಮೀಟಿಂಗ್. ಒಂದೇ ಆಟೋದಲ್ಲಿ ಹೋಗೋಣ ಅಂತ ಮಾತಾಗಿದೆ.